ಅಷ್ಟೊಂದು ಫ್ಲ್ಯಾಟ್ ಖಾಲಿ ಬಿದ್ದಿದ್ದರೂ ಬಾಡಿಗೆ ಯಾಕೆ ಇಳಿಯಲ್ಲ?

ಪ್ರಶ್ನೆ: ಬೆಂಗಳೂರಿನಲ್ಲಿ ಮಗ ಎರಡು ಬೆಡ್‌ರೂಮಿನ ಫ್ಲ್ಯಾಟಿಗೆ ತಿಂಗಳಿಗೆ 32,000 ಬಾಡಿಗೆ ಕಟ್ಟುತ್ತಾನೆ. ಈ ವರ್ಷ ಮತ್ತೆ ಏರಿಸಿದ್ದಾರೆ. ರಾತ್ರಿ ಬಾಲ್ಕನಿಯಲ್ಲಿ ನಿಂತರೆ ಎದುರಿನ ಬ್ಲಾಕಿನಲ್ಲಿ ಎಷ್ಟೋ ಮನೆಗೆ ದೀಪವೇ ಇಲ್ಲ. ನಮ್ಮ ಮಂಡಿಯಲ್ಲಿ ಮಾಲು ಹೆಚ್ಚಾದರೆ ರೇಟು ಬೀಳುತ್ತೆ. ಮನೆಗೆ ಯಾಕೆ ಹಾಗಾಗಲ್ಲ?
– ವಿದ್ಯಾನಗರ, ದಾವಣಗೆರೆ

ಉತ್ತರ: ಮಂಡಿಗೆ ಬಂದ ಮೆಕ್ಕೆಜೋಳ ಮಾರಲೆಂದೇ ಬಂದಿರುತ್ತದೆ, ಅದಕ್ಕೇ ರೇಟು ಬೀಳುತ್ತದೆ. ನೀವು ನೋಡಿದ ಕತ್ತಲೆ ಮನೆಗಳಲ್ಲಿ ಬಹುಪಾಲು ಮಂಡಿಗೇ ಬಂದಿಲ್ಲ. ಗೋದಾಮಿನಲ್ಲಿ ಬೀಗ ಹಾಕಿಟ್ಟ ಮಾಲು ಅವು.

ಮಾಲೀಕ ಬೀಗ ಹಾಕಿ ಕೂರಲು ಕಾರಣ ಅವನ ಲೆಕ್ಕದಲ್ಲೇ ಇದೆ. ಒಂದು ಕೋಟಿಯ ಫ್ಲ್ಯಾಟು, ತಿಂಗಳಿಗೆ 25,000 ಬಾಡಿಗೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ ಮೂರು ಲಕ್ಷ, ಅಂದರೆ ನೂರಕ್ಕೆ ಮೂರು ರೂಪಾಯಿ. ಬ್ಯಾಂಕಿನ ಎಫ್‌ಡಿಯೇ ಅದಕ್ಕಿಂತ ಹೆಚ್ಚು ಕೊಡುತ್ತದೆ. ಆ ಮೂರರಲ್ಲೂ ಮೇಂಟೆನೆನ್ಸ್, ಪೇಂಟಿಂಗ್, ಬ್ರೋಕರ್‌ ಕಮಿಷನ್ ಕಳೆಯಬೇಕು. ಅದೇ ಫ್ಲ್ಯಾಟಿನ ಬೆಲೆ ವರ್ಷಕ್ಕೆ ಶೇ 6ರಷ್ಟು ಏರಿದರೆ ಕೂತಲ್ಲೇ ಆರು ಲಕ್ಷ. ಅವನ ಕಣ್ಣು ಇರುವುದು ಈ ಆರರ ಮೇಲೆ. ಚನ್ನಗಿರಿ ಕಡೆ ಅಡಿಕೆಯಲ್ಲಿ ನಾಲ್ಕು ಕಾಸು ಕಂಡವರು, ನಮ್ಮೂರಿನ ಡಾಕ್ಟರುಗಳು, ಅಂಗಡಿಯವರು 'ಮಕ್ಕಳಿಗೆ ಇರಲಿ' ಎಂದು ಬೆಂಗಳೂರಿನಲ್ಲಿ ಹಿಡಿದ ಫ್ಲ್ಯಾಟುಗಳೂ ಇದೇ ಲೆಕ್ಕದವು. ಮಗ ಪಿಯುಸಿ ಮುಗಿಸುವವರೆಗೆ ಬೀಗ ತೆಗೆಯುವುದಿಲ್ಲ.

ಜೊತೆಗೆ ಭಯ. 'ಹನ್ನೆರಡು ವರ್ಷ ಇದ್ದರೆ ಮನೆ ಬಾಡಿಗೆದಾರನದೇ ಆಗುತ್ತೆ' ಎಂಬ ಮಾತನ್ನು ಎಲ್ಲರೂ ಕೇಳಿದ್ದೇವೆ. ಅದು ತಪ್ಪು. 12 ವರ್ಷದ ಅವಧಿ ಇರುವುದು 1963ರ ಕಾಲಮಿತಿ ಕಾಯ್ದೆಯಲ್ಲಿ; ಮಾಲೀಕನ ಒಪ್ಪಿಗೆ ಇಲ್ಲದೆ, ತನ್ನದೇ ಎಂದು ಬಹಿರಂಗವಾಗಿ ಅನುಭವಿಸಿದವನ ಸ್ವಾಧೀನಕ್ಕೆ ಅದು ಅನ್ವಯಿಸುತ್ತದೆ. ಬಾಡಿಗೆ ಕಟ್ಟಿಕೊಂಡು ಒಪ್ಪಿಗೆಯ ಮೇಲೆ ಇರುವವನಿಗಲ್ಲ. 11 ತಿಂಗಳ ಕರಾರಿನ ಹಿಂದೆ ಇರುವ ಕಾರಣವೂ ಬೇರೆಯೇ: ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯಂತೆ ರಿಜಿಸ್ಟರ್ ಮಾಡಿಸಲೇಬೇಕು, ಅದು ತಪ್ಪಲಿ ಎಂದು 11. ಆದರೆ ಬಿಡಿಸಲು ಹೋದರೆ ಕೇಸು ವರ್ಷಗಟ್ಟಲೆ ಎಳೆಯುತ್ತದೆ ಎಂಬ ಭಯ ಮಾತ್ರ ಸುಳ್ಳಲ್ಲ.

ತೆರಿಗೆಯೂ ಬೀಗದ ಪರವೇ. ಮೊದಲು ಎರಡನೇ ಮನೆಯನ್ನು ಖಾಲಿ ಇಟ್ಟರೂ ಬಾಡಿಗೆ ಬಂದಿದೆಯೆಂದೇ ಎಣಿಸಿ ಆದಾಯ ತೆರಿಗೆ ಹಾಕುತ್ತಿದ್ದರು. 2019ರ ಬಜೆಟ್ ಅದನ್ನು ತೆಗೆಯಿತು. ಬೆಂಗಳೂರಿನ ಆಸ್ತಿ ತೆರಿಗೆಯಲ್ಲಿ ಸ್ವಂತ ವಾಸದ ಮನೆಗಿಂತ ಬಾಡಿಗೆಗೆ ಕೊಟ್ಟ ಮನೆಗೆ ದರ ಎರಡರಷ್ಟು. ಮನೆ ಕೊಟ್ಟವನಿಗೆ ಹೆಚ್ಚು ತೆರಿಗೆ ಹಾಕುವ ಈ ಪದ್ಧತಿ ನನಗೆ ಒಂದಿಷ್ಟೂ ಸರಿ ಕಾಣುವುದಿಲ್ಲ.

ಇನ್ನೊಂದು ಮಾತು ಹೇಳಲೇಬೇಕು. ಟು-ಲೆಟ್ ಬೋರ್ಡ್ ಇದ್ದರೂ ಎಲ್ಲರಿಗೂ ಮನೆ ಸಿಗುವುದಿಲ್ಲ. 'ಸಸ್ಯಾಹಾರಿಗಳಿಗೆ ಮಾತ್ರ', 'ಬ್ಯಾಚುಲರ್‌ಗಳಿಗೆ ಇಲ್ಲ'. ಹೆಸರು ಕೇಳಿ, ಜಾತಿ ಕೇಳಿ, 'ಈಗಷ್ಟೇ ಬೇರೆಯವರಿಗೆ ಕೊಟ್ಟೆವು' ಎನ್ನುತ್ತಾರೆ. ಹೀಗೆ ವಾಪಸಾದವರಿಗೆ ಇರುವ ಆಯ್ಕೆಗಳೇ ಕಡಿಮೆ. ಕೇಳಿದಷ್ಟು ಕೊಟ್ಟು ಒಪ್ಪಿಕೊಳ್ಳುತ್ತಾರೆ. ದೂರ ಹೋಗುವುದೇ ಬೇಡ, ನಮ್ಮ ದಾವಣಗೆರೆಯ ಎಂಸಿಸಿ ಬಿ ಬ್ಲಾಕಿನಲ್ಲಿ ಸಂಜೆ ಒಂದು ಸುತ್ತು ಹಾಕಿ. ಮಕ್ಕಳು ಅಮೆರಿಕದಲ್ಲಿ, ಗೇಟಿಗೆ ತುಕ್ಕು ಹಿಡಿದ ಬೀಗ, ಕಿಟಕಿಗೆ ಒಳಗಿಂದ ಅಂಟಿಸಿದ ಹಳೇ ಪೇಪರು. ಆಚೆ ಬೀದಿಯಲ್ಲಿ ಕಾಲೇಜು ಹುಡುಗರು ಒಂದೇ ರೂಮಿನಲ್ಲಿ ಮೂವರು.

2011ರ ಜನಗಣತಿಯಲ್ಲಿ ದೇಶದ ನಗರಗಳಲ್ಲಿ ಸುಮಾರು 1.1 ಕೋಟಿ ಮನೆಗಳು ಖಾಲಿ ಇದ್ದವು. ಮರುವರ್ಷ ಕೇಂದ್ರದ ತಜ್ಞರ ತಂಡ ಅಂದಾಜು ಮಾಡಿದ ನಗರ ವಸತಿ ಕೊರತೆ 1.88 ಕೋಟಿ, ಅದರಲ್ಲಿ ಶೇ 95ಕ್ಕೂ ಹೆಚ್ಚು ಬಡವರು ಮತ್ತು ಕಡಿಮೆ ಆದಾಯದವರದು. ಕಟ್ಟಿದ ಮನೆ ಒಬ್ಬರಿಗೆ, ಬೇಕಾದ ಮನೆ ಇನ್ನೊಬ್ಬರಿಗೆ.

ಹಾಗಾದರೆ ಬಾಡಿಗೆ ಇಳಿಯುವುದೇ ಇಲ್ಲವೇ? ಇಳಿದದ್ದಿದೆ. 2020ರಲ್ಲಿ ಕೋವಿಡ್ ಬಂದು ಐಟಿ ಹುಡುಗರು ಊರಿಗೆ ಮರಳಿದಾಗ ಬೆಂಗಳೂರಿನ ಎಷ್ಟೋ ಕಡೆ ಬಾಡಿಗೆ ಬಿತ್ತು. ಆಗ ಖಾಲಿಯಾದವು ಬಾಡಿಗೆಯನ್ನೇ ನಂಬಿದವರ ಮನೆಗಳು, ಪಿಜಿಗಳು. 2022ರಿಂದ ಆಫೀಸುಗಳು ಕರೆದ ಮೇಲೆ ಮತ್ತೆ ಏರಿತು.

ನಿಮ್ಮ ಮಗನಿಗೆ ಒಂದು ದಾರಿ ಇದೆ. ಎದುರಿನ ಬ್ಲಾಕಿನ ಅಸೋಸಿಯೇಷನ್ ಆಫೀಸಿಗೆ ಹೋಗಿ, ಬೀಗ ಹಾಕಿದ ಫ್ಲ್ಯಾಟುಗಳ ಮಾಲೀಕರಿಗೆ ತನ್ನ ನಂಬರ್ ತಲುಪಿಸಲು ಕೇಳಲಿ. ಅವರಲ್ಲಿ ದಾವಣಗೆರೆ, ಶಿವಮೊಗ್ಗ ಕಡೆಯವರೂ ಇರಬಹುದು. ಅಂಥವರು ಸಿಕ್ಕರೆ ನೀವೇ ಒಮ್ಮೆ ಹೋಗಿ ಮಾತಾಡಿ. ಅವರಿಗೆ ಬಾಡಿಗೆಗಿಂತ ನಂಬಿಕಸ್ತರು ಮುಖ್ಯ. ಬ್ರೋಕರ್ ಇಲ್ಲದೆ, ಕಡಿಮೆ ಅಡ್ವಾನ್ಸಿಗೇ ಕೀಲಿ ಕೊಟ್ಟಾರು.