ಸ್ಟೀಲ್ ಗಿಟಾರ್ ಅಳೋದು ಹೇಗೆ

ಅಮೆರಿಕದ ಹಳ್ಳಿಗಾಡಿನ ಶೈಲಿಯ ‘ಕಂಟ್ರಿ’ ಸಂಗೀತದ ಗಾಯಕ ಜಾರ್ಜ್ ಜೋನ್ಸ್‌ಗೆ ಈ ಹಾಡು ಮೊದಲು ತೋರಿಸಿದಾಗ ಒಂಚೂರೂ ಹಿಡಿಸಿರ್ಲಿಲ್ಲವಂತೆ, ಇಂಥ ಸಾವಿನ ಹಾಡನ್ನ ದುಡ್ಡು ಕೊಟ್ಟು ಯಾರು ತಗೋತಾರೆ ಅಂತ ಬೈದಿದ್ನಂತೆ. ಹಾಡು ‘ಹಿ ಸ್ಟಾಪ್ಡ್ ಲವಿಂಗ್ ಹರ್ ಟುಡೇ’, ಬರೆದವರು ಬಾಬಿ ಬ್ರಾಡಕ್ ಮತ್ತು ಕರ್ಲಿ ಪಟ್‌ಮನ್, ಸಿಂಗಲ್ ಆಗಿ ಬಂದಿದ್ದು 1980ರ ಏಪ್ರಿಲ್‌ನಲ್ಲಿ. ಕಥೆ ಇಷ್ಟೇ: ಸಾಯೋವರೆಗೂ ನಿನ್ನೇ ಪ್ರೀತಿಸ್ತೀನಿ ಅಂತ ಬಿಟ್ಟುಹೋದವಳಿಗೆ ಹೇಳಿದ್ದ ಒಬ್ಬ, ಇವತ್ತು ಪ್ರೀತಿಸೋದು ನಿಲ್ಸಿದಾನೆ, ಯಾಕಂದ್ರೆ ಇವತ್ತು ಅವನ ಹೆಣ ಎತ್ತಿದಾರೆ. ಜೋನ್ಸ್ ಆಗ ಕುಡಿತದಲ್ಲಿ ಎಷ್ಟು ಮುಳುಗಿದ್ದ ಅಂದ್ರೆ, ಹಾಡಿನ ಮಧ್ಯೆ ಬರೋ ಚಿಕ್ಕ ಮಾತಿನ ಭಾಗ ತೊದಲದೆ ಹೇಳೋಕೇ ಆಗ್ತಿರ್ಲಿಲ್ಲ, ನಿರ್ಮಾಪಕ ಬಿಲ್ಲಿ ಶೆರಿಲ್ ಕಾದೂ ಕಾದೂ ಸುಸ್ತಾಗಿದ್ದ. ಜುಲೈ ಹೊತ್ತಿಗೆ ಅದು ಅಮೆರಿಕದ ಕಂಟ್ರಿ ಪಟ್ಟಿಯಲ್ಲಿ ನಂಬರ್ ಒನ್, ಆಮೇಲೆ ಗ್ರ್ಯಾಮಿನೂ ಬಂತು.

ಯಾಕೆ ಅಷ್ಟು ಜನಕ್ಕೆ ನಾಟ್ತು? ಸಾಹಿತ್ಯ ಚೆನ್ನಾಗಿದೆ, ಒಪ್ತೀನಿ. ಆದ್ರೆ ಇಂಗ್ಲಿಷ್ ಗೊತ್ತಿಲ್ಲದವರಿಗೂ ಕೇಳಿಸಿ ನೋಡಿ, ಯಾರೋ ಅಳ್ತಿದಾರೆ ಅಂತಾನೇ ಅಂತಾರೆ. ನನಗೆ ಅನ್ಸೋದು ಅರ್ಧ ಕೆಲಸ ಮಾಡೋದು ಪೆಡಲ್ ಸ್ಟೀಲ್ ಗಿಟಾರ್, ಉಳಿದರ್ಧ ಜೋನ್ಸ್‌ನ ಗಂಟಲು.

ಮಾಮೂಲಿ ಗಿಟಾರಲ್ಲಿ ವೀಣೆ ಥರ ಮೆಟ್ಟಿಲುಗಳಿರ್ತವೆ, ಬೆರಳು ಒಂದರಿಂದ ಇನ್ನೊಂದಕ್ಕೆ ಹಾರಿದ್ರೆ ಸ್ವರಾನೂ ಹಾರತ್ತೆ. ಹವಾಯಿ ದ್ವೀಪದ ಜೋಸೆಫ್ ಕೆಕುಕು ಅನ್ನೋ ಹುಡುಗ 19ನೇ ಶತಮಾನದ ಕೊನೆಯಲ್ಲಿ ಗಿಟಾರನ್ನ ತೊಡೆ ಮೇಲೆ ಮಲಗಿಸಿ ತಂತಿ ಮೇಲೆ ಲೋಹದ ತುಂಡು ಜಾರಿಸಿ ಬಾರಿಸೋದನ್ನ ರೂಢಿಗೆ ತಂದ. ಆಗ ಸ್ವರ ಹಾರಲ್ಲ, ಜಾರತ್ತೆ. ಗೋಟುವಾದ್ಯ ನೋಡಿದವರಿಗೆ ಇದೇನು ಹೊಸದಲ್ಲ, ಅಲ್ಲೂ ಮೆಟ್ಟಿಲಿಲ್ಲ, ತಂತಿ ಮೇಲೆ ಒಂದು ತುಂಡು ಓಡಾಡ್ತಿರತ್ತೆ, ಕರ್ನಾಟಕ ಸಂಗೀತದಲ್ಲಿ ಆ ಗಮಕಕ್ಕೆ ಜಾರು ಅಂತಲೇ ಹೆಸರು. (ಇದೇ ಹವಾಯಿ ಗಿಟಾರ್ ಇಂಡಿಯಾಗೆ ಬಂದು ವಿಶ್ವಮೋಹನ ಭಟ್ಟರ ಕೈಯಲ್ಲಿ ಮೋಹನ ವೀಣೆ ಆಯ್ತು, ಆ ಕಥೆ ಇನ್ನೊಂದು ಸಲ.)

ಅಮೆರಿಕದವರು ಈ ಲೋಹದ ತುಂಡು ಜಾರಿಸೋ ಸ್ಟೀಲ್ ಗಿಟಾರ್‌ಗೆ ಕಾಲು ಹಾಕಿ ನಿಲ್ಲಿಸಿ ಪೆಡಲ್ ಸೇರಿಸಿದ್ರು. ಪೆಡಲ್ ತುಳಿದ್ರೆ ಒಂದೋ ಎರಡೋ ತಂತಿ ಮಾತ್ರ ಬಿಗಿಯಾಗತ್ತೆ, ಮಿಕ್ಕಿದ್ದು ಇದ್ದಲ್ಲೇ ಇರತ್ತೆ, ಅಂದ್ರೆ ಮೂರು ಸ್ವರ ಒಟ್ಟಿಗೆ ಮೊಳಗ್ತಿರುವಾಗ ಅದರಲ್ಲಿ ಒಂದೇ ಒಂದು ಮಾತ್ರ ಮೆಲ್ಲಗೆ ಇನ್ನೊಂದು ಸ್ವರಕ್ಕೆ ಜಾರ್ಕೊಂಡು ಹೋಗತ್ತೆ. 1954ರಲ್ಲಿ ವೆಬ್ ಪಿಯರ್ಸ್ ಹಾಡಿದ ‘ಸ್ಲೋಲಿ’ಯಲ್ಲಿ ಬಡ್ ಐಸಾಕ್ಸ್ ಇದನ್ನ ಬಾರಿಸಿದ ಮೇಲೆ ಕಂಟ್ರಿ ಸಂಗೀತದ ತವರು ನ್ಯಾಶ್‌ವಿಲ್‌ನಲ್ಲಿ ಎಲ್ಲರಿಗೂ ಅದೇ ಬೇಕಾಯ್ತು.

ಈಗ ಗಂಟಲ ವಿಷ್ಯ. ದುಃಖದಲ್ಲಿ ಮಾತಾಡೋರ ದನಿ ಗಮನಿಸಿ, ಮೆಲ್ಲಗೆ, ನಿಧಾನಕ್ಕೆ, ತಗ್ಗಿದ ಸ್ಥಾಯಿಯಲ್ಲಿ, ವಾಕ್ಯದ ಕೊನೆ ಕೆಳಕ್ಕೆ ಜಾರತ್ತೆ. ಅಳು ಬಂದಾಗ ಇನ್ನೊಂದಾಗತ್ತೆ. ಜಾಸ್ತಿ ಗಾಳಿ ಬೇಕು ಅಂತ ನರವ್ಯವಸ್ಥೆ ಧ್ವನಿಪೆಟ್ಟಿಗೆಯ ಬಾಯಿ ಅಗಲ ಮಾಡತ್ತೆ, ಆದ್ರೆ ಉಗುಳು ನುಂಗಬೇಕಾದ್ರೆ ಅದೇ ಬಾಯಿ ಮುಚ್ಚಲೇಬೇಕು. ಈ ಎಳೆದಾಟಾನೇ ನಾವು ಗಂಟಲು ಕಟ್ತು ಅಂತೀವಲ್ಲ, ಅದು. ಸ್ವರತಂತುಗಳ ಮೇಲಿನ ಹಿಡಿತ ಒಂದು ಕ್ಷಣ ತಪ್ಪಿದ್ರೆ ದನಿ ಒಡೆದು ಮೇಲಕ್ಕೆ ಚಿಮ್ಮತ್ತೆ. ಕಂಟ್ರಿ ಗಾಯಕರು ಈ ಒಡೆಯೋದನ್ನ ಬೇಕಂತಲೇ ಅಭ್ಯಾಸ ಮಾಡಿ ಹಾಡ್ತಾರೆ, ಜೋನ್ಸ್ ಅಂತೂ ಹಲ್ಲು ಕಚ್ಚಿದ ಹಾಗೆ ಬಾಯಿ ಅರ್ಧ ಮುಚ್ಚಿ ಒಂದೊಂದು ಅಕ್ಷರಾನೂ ಬಗ್ಗಿಸ್ತಾನೆ.

ಇಲ್ಲಿಂದ ಮುಂದೆ ಮಿದುಳಿನ ವಿಷ್ಯ ಬರತ್ತೆ, ಇಲ್ಲೇ ಜನ ಜಾಸ್ತಿ ಉತ್ಪ್ರೇಕ್ಷೆ ಮಾಡೋದು. 2011ರಲ್ಲಿ ಮನಶ್ಶಾಸ್ತ್ರಜ್ಞ ಈಥನ್ ಕ್ರಾಸ್ ತಂಡ ಆಗಷ್ಟೇ ಬ್ರೇಕಪ್ ಆಗಿದ್ದ 40 ಜನರನ್ನ ಸ್ಕ್ಯಾನರ್‌ನಲ್ಲಿ ಮಲಗಿಸಿ, ಬಿಟ್ಟುಹೋದವರ ಫೋಟೋ ತೋರಿಸಿದ್ರು, ಬೇರೆ ಸರದಿಯಲ್ಲಿ ಕೈಗೆ ಬಿಸಿ ತಾಗಿಸಿದ್ರು, ಎರಡಕ್ಕೂ ಮಿದುಳಲ್ಲಿ ಕೆಲವು ಅದೇ ಜಾಗಗಳು ಚುರುಕಾದ್ವು. ತಗೋ, ಪ್ರೀತಿಯ ನೋವೂ ಸುಟ್ಟ ನೋವೂ ಒಂದೇ ಅಂತ ಪೇಪರ್ ತುಂಬಾ ಬಂತು. ಆದ್ರೆ ಮೂರು ವರ್ಷ ಬಿಟ್ಟು ಇನ್ನೊಂದು ತಂಡ ಅದೇ ಥರದ ಮಾಹಿತಿಯನ್ನ ಸೂಕ್ಷ್ಮವಾಗಿ ನೋಡಿದಾಗ, ಜಾಗ ಒಂದೇ ಆದ್ರೂ ಅಲ್ಲಿನ ಚಟುವಟಿಕೆಯ ಚಿತ್ತಾರ ಬೇರೆ ಬೇರೆ ಅಂತ ಗೊತ್ತಾಯ್ತು. ಒಂದೇ ಮನೇಲಿ ಮದುವೆನೂ ಆಗತ್ತೆ ತಿಥಿನೂ ಆಗತ್ತೆ, ಹಂಗಂತ ಎರಡೂ ಒಂದೇನಾ? ಮೂರು ವಾರ ದಿನಾ ಪ್ಯಾರಸಿಟಮಾಲ್ ನುಂಗಿದವರಿಗೆ ಮನಸ್ಸಿಗಾಗೋ ನೋವು ಸ್ವಲ್ಪ ಕಮ್ಮಿ ಆಯ್ತು ಅಂತ 2010ರ ಒಂದು ಪ್ರಯೋಗಾನೂ ಇದೆ, ದಯವಿಟ್ಟು ಅದನ್ನ ನಂಬಿ ಬ್ರೇಕಪ್‌ಗೆ ಡೋಲೋ ತಗೋಬೇಡಿ, ಲಿವರ್ ಹೋಗತ್ತೆ.

ಸರಿ, ನೋವು ಅಂದ್ಮೇಲೆ ಮತ್ತೆ ಮತ್ತೆ ರಿಪೀಟ್ ಹಾಕ್ಕೊಂಡು ಕೇಳೋದ್ಯಾಕೆ? ಸಂಗೀತ ವಿಜ್ಞಾನಿ ಡೇವಿಡ್ ಹ್ಯೂರನ್ 2011ರಲ್ಲಿ ಚೆಂದದ ಒಂದು ಊಹೆ ಮುಂದಿಟ್ಟ: ನಿಜವಾದ ದುಃಖದಲ್ಲಿ ದೇಹ ಪ್ರೊಲ್ಯಾಕ್ಟಿನ್ ಹಾರ್ಮೋನ್ ಬಿಟ್ಟು ಸಮಾಧಾನ ಮಾಡತ್ತೆ, ಹಾಡು ಮಿದುಳಿಗೆ ಸುಳ್ಳು ದುಃಖ ತೋರ್ಸತ್ತೆ, ಹಾಗಾಗಿ ಏಟು ಬೀಳದೆ ಮುಲಾಮು ಮಾತ್ರ ಸಿಗತ್ತೆ. ಕೇಳೋಕೆ ಸೊಗಸು, ಆದ್ರೆ ಆಮೇಲೆ ರಕ್ತ ಪರೀಕ್ಷೆ ಮಾಡಿ ನೋಡಿದವರಿಗೆ ಅದು ಹಾಗೆ ಕಾಣಲಿಲ್ಲ. ಸ್ವಲ್ಪ ಗಟ್ಟಿಯಾಗಿ ನಿಂತಿರೋದು ಬೇರೆ ವಿಷ್ಯ, ಇನ್ನೊಬ್ಬರ ನೋವಿಗೆ ಬೇಗ ಕರಗೋ ಸ್ವಭಾವದವರೇ ಇಂಥ ಹಾಡನ್ನ ಹೆಚ್ಚು ಸವಿಯೋದು ಅಂತ. ನಮ್ಮ ಕಾವ್ಯಮೀಮಾಂಸೆಯವರು ಶೋಕ ಬೇರೆ, ಕರುಣರಸ ಬೇರೆ ಅಂತ ಯಾವತ್ತೋ ಹೇಳಿಟ್ಟಿದ್ದು ಇದಕ್ಕೆ ಪಕ್ಕದಲ್ಲೇ ಇದೆ.

ಇನ್ನು ಹೃದಯ. ದುಃಖಕ್ಕೆ ಎದೆ ಒಡೆಯೋದು ನಿಜವಾಗ್ಲೂ ಇದೆ, 1990ರಲ್ಲಿ ಜಪಾನಿನ ವೈದ್ಯರು ಅದಕ್ಕೆ ಟಾಕೋತ್ಸುಬೋ ಅಂತ ಹೆಸರಿಟ್ರು, ಅಂದ್ರೆ ಆಕ್ಟೋಪಸ್ ಹಿಡಿಯೋ ಮಡಕೆ. ದೊಡ್ಡ ಆಘಾತ ಆದಾಗ ಒತ್ತಡದ ಹಾರ್ಮೋನ್‌ಗಳು ಒಮ್ಮೆಲೇ ನುಗ್ಗಿ ಹೃದಯದ ಎಡ ಕೆಳಕೋಣೆ ಸೋತು ಊದ್ಕೊಳ್ಳತ್ತೆ, ಕತ್ತು ಸಣ್ಣ ಹೊಟ್ಟೆ ದಪ್ಪ, ಥೇಟ್ ಆ ಮಡಕೆ ಥರ. ಆದ್ರೆ ಇದು ಬಹುಪಾಲು ಬರೋದು ಮುಟ್ಟು ನಿಂತ ಹೆಂಗಸರಿಗೆ, ಹೆಚ್ಚಿನವರು ಕೆಲವೇ ವಾರಗಳಲ್ಲಿ ಚೇತರಿಸ್ಕೊಳ್ತಾರೆ. ಜೋನ್ಸ್ ಹಾಡಿನವನಿಗೆ ಇದು ಕೂಡಲ್ಲ. ಅವನ ಹಾಸಿಗೆ ಪಕ್ಕ ಸಿಗೋ ಕಾಗದಗಳ ಮೇಲಿರೋ ಇಸವಿ 1962, ಹಾಡು ಬಂದಿದ್ದು 1980. ಹದಿನೆಂಟು ವರ್ಷ ಎಳೆದ ಕೇಸಿಗೆ ಡಾಕ್ಟರು ಚೀಟಿ ಮೇಲೆ ಏನು ಬರೀತಾರೋ.