ಗುಜರಿಯಿಂದ ಗುಂಡಿಗೆ: ಅಮೆರಿಕದ ಹವ್ಯಾಸಿಗಳ ಸೀಸದ ಬೇಟೆ

1776ರ ಜುಲೈ 9ರಂದು ನ್ಯೂಯಾರ್ಕಿನಲ್ಲಿ ಸೈನಿಕರಿಗೆ ಸ್ವಾತಂತ್ರ್ಯ ಘೋಷಣೆಯನ್ನು ಓದಿ ಹೇಳಲಾಯಿತು. ಅದಾದ ಮೇಲೆ ಬೌಲಿಂಗ್ ಗ್ರೀನ್ ಎಂಬ ಉದ್ಯಾನಕ್ಕೆ ನುಗ್ಗಿದ ಗುಂಪು, ಅಲ್ಲಿ ಕುದುರೆಯೇರಿ ಕುಳಿತಿದ್ದ ಬ್ರಿಟನ್ನಿನ ದೊರೆ ಮೂರನೆಯ ಜಾರ್ಜನ ಪ್ರತಿಮೆಗೆ ಹಗ್ಗ ಬಿಗಿದು ಕೆಡವಿತು. ಪ್ರತಿಮೆಯ ಹೊರಗೆ ಚಿನ್ನದ ಲೇಪ, ಒಳಗೆ ಸೀಸ. ಅದರ ತುಂಡುಗಳಲ್ಲಿ ಬಹುಪಾಲು ಕನೆಕ್ಟಿಕಟ್‌ನ ಲಿಚ್‌ಫೀಲ್ಡ್ ಎಂಬ ಊರಿನ ಆಲಿವರ್ ವೋಲ್ಕಾಟ್ ಮನೆಗೆ ಬಂದವು. ಘೋಷಣೆಗೆ ಸಹಿ ಹಾಕಿದವರಲ್ಲಿ ವೋಲ್ಕಾಟ್ ಕೂಡ ಒಬ್ಬರು. ಅವರ ಮನೆಯ ಮತ್ತು ನೆರೆಹೊರೆಯ ಹೆಂಗಸರು, ಮಕ್ಕಳು ಸೇರಿ ಆ ಸೀಸವನ್ನು ಕರಗಿಸಿ ಅಚ್ಚಿಗೆ ಹೊಯ್ದರು. ಯಾರು ಎಷ್ಟು ಗುಂಡು ಮಾಡಿದರೆಂಬ ಲೆಕ್ಕದ ಚೀಟಿ ಇಂದಿಗೂ ಉಳಿದಿದೆ. ಒಟ್ಟು 42,088 ಗುಂಡುಗಳು.

ಇಂದು ಅಮೆರಿಕದ ಯಾವುದೋ ಗ್ಯಾರೇಜಿನಲ್ಲಿ ಹಳೆಯ ಸೀಸ ಕರಗಿಸಿ ತನ್ನ ಬಂದೂಕಿಗೆ ತಾನೇ ಗುಂಡು ಎರೆದುಕೊಳ್ಳುವ ಹವ್ಯಾಸಿಯನ್ನು ನೋಡಿದಾಗ ನನಗೆ ನೆನಪಾಗುವುದು ಆ ಚೀಟಿ. ಅವನ ಕೆಲಸದಲ್ಲಿ ಹೊಸದೇನೂ ಇಲ್ಲ. ಬದಲಾಗುತ್ತ ಬಂದಿರುವುದು ಸೀಸ ಎಲ್ಲಿಂದ ಬರುತ್ತದೆ ಎಂಬುದು ಮಾತ್ರ. ಒಂದು ಕಾಲ ಯಾವುದನ್ನು ಬೇಡವೆಂದು ಎಸೆಯಿತೋ ಅದರಿಂದಲೇ ಆ ಕಾಲದ ಗುಂಡು ಆಗಿದೆ.

ಇದಕ್ಕೆ ಸೀಸದ ಗುಣವೇ ಕಾರಣ. ಕಬ್ಬಿಣ ಕರಗಿಸಲು ಕುಲುಮೆ ಬೇಕು, ತಿದಿ ಬೇಕು. ಸೀಸಕ್ಕೆ 327 ಡಿಗ್ರಿ ಸೆಲ್ಸಿಯಸ್ ಸಾಕು. ಸೌದೆ ಒಲೆಯ ಮೇಲಿಟ್ಟ ಕಬ್ಬಿಣದ ಬಾಣಲೆಯಲ್ಲೇ ನೀರಾಗುತ್ತದೆ. ಎಷ್ಟು ಸಲ ಕರಗಿಸಿದರೂ ಕೆಡುವುದಿಲ್ಲ. 1804ರಲ್ಲಿ ಪಶ್ಚಿಮದತ್ತ ಹೊರಟ ಲೂಯಿಸ್ ಮತ್ತು ಕ್ಲಾರ್ಕ್ ಅನ್ವೇಷಣಾ ತಂಡ ಇದನ್ನು ಬಹಳ ಜಾಣತನದಿಂದ ಬಳಸಿಕೊಂಡಿತ್ತು. ಅವರು ಬಂದೂಕಿನ ಮದ್ದನ್ನು ಮರದ ಪೀಪಾಯಿಗಳ ಬದಲು 52 ಸೀಸದ ಡಬ್ಬಿಗಳಲ್ಲಿ ತುಂಬಿಸಿದ್ದರು. ಒಂದು ಡಬ್ಬಿಯ ಮದ್ದು ಮುಗಿದರೆ, ಅಷ್ಟು ಮದ್ದಿಗೆ ಬೇಕಾಗುವ ಗುಂಡುಗಳಿಗೆ ಆ ಡಬ್ಬಿಯ ಸೀಸವೇ ಸಾಕಾಗುತ್ತಿತ್ತು. ನದಿಯ ನೀರು ಒಳಗೆ ಇಳಿಯುವ ಭಯವೂ ಇರಲಿಲ್ಲ. ಅರವತ್ತು ವರ್ಷಗಳ ನಂತರ, ಅಂತರ್ಯುದ್ಧದಲ್ಲಿ ಸೀಸದ ಬರಗಾಲ ಅನುಭವಿಸಿದ ದಕ್ಷಿಣದ ರಾಜ್ಯಗಳು ಮೇಲೆ ಕೆಳಗೆ ಸರಿಸುವ ಮನೆಯ ಕಿಟಕಿಗಳೊಳಗಿನ ತೂಕದ ಗಟ್ಟಿಗಳನ್ನೂ ನೀರಿನ ಕೊಳವೆಗಳನ್ನೂ ಕಿತ್ತು ಕರಗಿಸಿದವು. ರಣಭೂಮಿಯಲ್ಲಿ ಬಿದ್ದಿದ್ದ ಸೀಸವನ್ನು ಆಯ್ದು ತಂದದ್ದೂ ಉಂಟು.

ಇದೆಲ್ಲ ಅಗತ್ಯದ ಕಥೆ. ಅದು ಹವ್ಯಾಸವಾಗಿದ್ದು ಕಾರ್ಖಾನೆಯ ತೋಟೆ ಅಂಗಡಿಯಲ್ಲಿ ಸಿಗತೊಡಗಿದ ಮೇಲೆ. 1884ರಲ್ಲಿ ಜಾನ್ ಬಾರ್ಲೋ ಎಂಬಾತ ಕನೆಕ್ಟಿಕಟ್‌ನಲ್ಲಿಯೇ ಐಡಿಯಲ್ ಎಂಬ ಕಂಪನಿ ಕಟ್ಟಿ, ಮನೆಯಲ್ಲಿ ಗುಂಡು ಎರೆಯುವ ಅಚ್ಚುಗಳನ್ನೂ ಖಾಲಿ ತೋಟೆಯನ್ನು ಮತ್ತೆ ತುಂಬುವ ಇಕ್ಕಳದಂಥ ಉಪಕರಣಗಳನ್ನೂ ಮಾರಿದ. 1925ರಲ್ಲಿ ಆ ಕಂಪನಿಯನ್ನು ಕೊಂಡ ಲೈಮನ್ ಸಂಸ್ಥೆ ಇಂದಿಗೂ ಅಚ್ಚುಗಳನ್ನು ಮಾಡುತ್ತದೆ. ಬಾರ್ಲೋ ಕಂಪನಿ ಕಟ್ಟಿದ ಹೊತ್ತಿನಲ್ಲೇ ಹೊಗೆಯಿಲ್ಲದ ಮದ್ದೂ ಬಂದಿತ್ತು. ಅದು ಗುಂಡನ್ನು ಹಿಂದೆಂದೂ ಇಲ್ಲದ ವೇಗದಲ್ಲಿ ತಳ್ಳುತ್ತಿತ್ತು. ಮೆತ್ತನೆಯ ಶುದ್ಧ ಸೀಸ ಆ ವೇಗಕ್ಕೆ ತಡೆಯದೆ ನಳಿಗೆಯ ಒಳಗೋಡೆಗೆ ಸವೆದು ಅಂಟಿಕೊಳ್ಳುತ್ತಿತ್ತು. ಸೇನೆಗಳು ತಾಮ್ರದ ಹೊದಿಕೆಯ ಗುಂಡಿನ ಮೊರೆ ಹೋದವು. ಹವ್ಯಾಸಿಗೆ ಆ ದಾರಿ ಇರಲಿಲ್ಲ. ಅವನಿಗೆ ಬೇಕಾದದ್ದು ಗಟ್ಟಿ ಸೀಸ, ಅಂದರೆ ತವರ ಮತ್ತು ಆಂಟಿಮನಿ ಎಂಬ ಇನ್ನೊಂದು ಲೋಹ ಬೆರೆತ ಸೀಸ. ಅದನ್ನು ಕೊಟ್ಟದ್ದು ಪತ್ರಿಕಾ ಕಚೇರಿ.

1886ರಲ್ಲಿ ನ್ಯೂಯಾರ್ಕ್ ಟ್ರಿಬ್ಯೂನ್ ಪತ್ರಿಕೆಯಲ್ಲಿ ಮೊದಲು ಓಡಿದ ಲೈನೋಟೈಪ್ ಯಂತ್ರ ಒಂದೊಂದು ಸಾಲನ್ನೂ ಬಿಸಿ ಲೋಹದಲ್ಲಿ ಎರೆದು ಕೊಡುತ್ತಿತ್ತು. ಆ ಲೋಹದಲ್ಲಿ ಸುಮಾರು 84 ಭಾಗ ಸೀಸ, 12 ಭಾಗ ಆಂಟಿಮನಿ, 4 ಭಾಗ ತವರ. ಅಕ್ಷರದ ಅಂಚು ಚೂಪಾಗಿ ಮೂಡಲೆಂದು ಕಂಡುಕೊಂಡ ಈ ಮಿಶ್ರಣ ಗುಂಡಿನ ಅಚ್ಚನ್ನೂ ಅಷ್ಟೇ ಚೊಕ್ಕವಾಗಿ ತುಂಬುತ್ತದೆ. 1978ರ ಜುಲೈನಲ್ಲಿ ನ್ಯೂಯಾರ್ಕ್ ಟೈಮ್ಸ್ ಬಿಸಿ ಲೋಹಕ್ಕೆ ವಿದಾಯ ಹೇಳಿತು. ಆ ಹೊತ್ತಿಗಾಗಲೇ ಊರೂರುಗಳ ಮುದ್ರಣಾಲಯಗಳೂ ಅದೇ ದಾರಿ ಹಿಡಿದಿದ್ದವು. ಟನ್ನುಗಟ್ಟಲೆ ಅಕ್ಷರದ ಸಾಲುಗಳು ಗುಜರಿಗೆ ಬಿದ್ದವು. ಹಳೆಯ ಹವ್ಯಾಸಿಗಳು ಆ ದಿನಗಳನ್ನು ಸುಗ್ಗಿಯ ಕಾಲವೆಂಬಂತೆ ನೆನೆಯುತ್ತಾರೆ.

ನಮ್ಮ ಟ್ರೆಡಲ್ ಮುದ್ರಣಾಲಯಗಳ ಅಚ್ಚುಮೊಳೆಗಳೂ ಇದೇ ಕುಲದವು: ಸೀಸ, ಆಂಟಿಮನಿ, ತವರ. ಒತ್ತಕ್ಷರ, ಕೊಂಬು, ದೀರ್ಘಗಳಿಗೆಲ್ಲ ಬೇರೆ ಬೇರೆ ಮನೆಗಳಿದ್ದ ಆ ಮೊಳೆ ಪೆಟ್ಟಿಗೆಗಳು ಆಫ್‌ಸೆಟ್ ಬಂದ ಮೇಲೆ ತೂಕದ ಲೆಕ್ಕದಲ್ಲಿ ಹೋದವು. ಒಂದು ಭಾಷೆಯ ಅಷ್ಟೊಂದು ಸಾಲುಗಳನ್ನು ಹೊತ್ತ ಲೋಹ ಯಾವ ಕುಲುಮೆಗೆ ಹೋಯಿತೆಂದು ಯಾರೂ ಬರೆದಿಡಲಿಲ್ಲ, ನನಗೆ ಅದು ಇಂದಿಗೂ ಸಂಕಟದ ವಿಷಯ. ಮಲೆನಾಡಿನಲ್ಲಿ ಕೇಪಿನ ಕೋವಿಗೆ ಚರೆ ತುಂಬುವುದು ಗೊತ್ತಿರುವ ಮಾತೇ. ಆದರೆ ಮದ್ದುಗುಂಡಿನ ತಯಾರಿಕೆ ಇಲ್ಲಿ ಹವ್ಯಾಸವಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಅದನ್ನು ಮಾಡುವುದು ಅಪರಾಧ. ಅಮೆರಿಕದ ಒಕ್ಕೂಟ ಕಾನೂನು ಮಾತ್ರ ಸ್ವಂತ ಬಳಕೆಗೆ ಮಾಡಿಕೊಳ್ಳುವವರಿಂದ ಪರವಾನಗಿ ಕೇಳುವುದಿಲ್ಲ, ಮಾರುವವರಿಂದ ಕೇಳುತ್ತದೆ.

ಅಕ್ಷರದ ಸೀಸ ಬತ್ತುತ್ತ ಬಂದಂತೆ ಟೈರ್ ಅಂಗಡಿಯ ಕಾಲ ಬಂತು. ಕಾರಿನ ಚಕ್ರ ಅದುರದಂತೆ ಅದರ ಅಂಚಿಗೆ ಸಿಕ್ಕಿಸುವ ಸಣ್ಣ ತೂಕದ ತುಂಡುಗಳನ್ನು ವೀಲ್ ಬ್ಯಾಲೆನ್ಸಿಂಗ್ ಮಾಡಿಸಿದವರೆಲ್ಲ ನೋಡಿರುತ್ತಾರೆ. ಆ ತುಂಡು ಸುಮಾರು 95 ಭಾಗ ಸೀಸ. ಉಳಿದದ್ದರಲ್ಲಿ ಮೂರು ನಾಲ್ಕು ಭಾಗ ಆಂಟಿಮನಿ, ಚೂರು ತವರ, ಲೇಶ ಆರ್ಸೆನಿಕ್. ಪಿಸ್ತೂಲಿನ ಗುಂಡಿಗೆ ಇದಕ್ಕಿಂತ ಹೊಂದುವ ಮಿಶ್ರಣವನ್ನು ಬೇಕೆಂದೇ ಮಾಡಿದರೂ ಕಷ್ಟ. ಹಳೆಯ ತುಂಡು ತೆಗೆದು ಹೊಸದು ಹಾಕಿದ ಮೇಲೆ ಅಂಗಡಿಯವನು ಹಳೆಯದನ್ನು ಬಕೆಟ್ಟಿಗೆ ಎಸೆಯುತ್ತಿದ್ದ. ಹವ್ಯಾಸಿ ಶನಿವಾರ ಬಂದು ಆ ಬಕೆಟ್ಟನ್ನು ಕಡಿಮೆ ಬೆಲೆಗೋ ಬರಿಯ ಪರಿಚಯದ ಮೇಲೋ ಕೊಂಡೊಯ್ಯುತ್ತಿದ್ದ. ಒಂದು ತಲೆಮಾರು ಹೀಗೆ ನಡೆಯಿತು.

ಬಕೆಟ್ಟಿನಲ್ಲಿ ಸೀಸ ಮಾತ್ರ ಇರುವುದಿಲ್ಲ. ಸಿಗರೇಟಿನ ತುಂಡು, ಟೈರಿನ ವಾಲ್ವು, ಕಬ್ಬಿಣದ ಮತ್ತು ಸತುವಿನ ತುಂಡುಗಳೆಲ್ಲ ಬೆರೆತಿರುತ್ತವೆ. ಇವರಿಗೆ ಸತುವೇ ದೊಡ್ಡ ಶತ್ರು. ಒಂದು ಹಿಡಿ ಸತು ಕರಗಿ ಸೇರಿದರೂ ಇಡೀ ಹಂಡೆಯ ಲೋಹ ಗಂಜಿಯಂತಾಗಿ ಅಚ್ಚಿನ ಮೂಲೆಗಳನ್ನು ತುಂಬುವುದಿಲ್ಲ. ಹಾಗಾಗಿ ತುಂಡೊಂದೊಂದನ್ನೂ ಕಟಿಂಗ್ ಪ್ಲೇಯರಿನಿಂದ ಕಚ್ಚಿ ನೋಡುತ್ತಾರೆ: ಹಲ್ಲು ಇಳಿದರೆ ಸೀಸ, ಜಾರಿದರೆ ಬೇರೆ. ಸತು ಕರಗಲು 419 ಡಿಗ್ರಿ ಬೇಕು. ಶಾಖವನ್ನು ಅದಕ್ಕಿಂತ ಸಾಕಷ್ಟು ಕೆಳಗೆ ಹಿಡಿದರೆ ಕಣ್ತಪ್ಪಿಸಿಕೊಂಡ ತುಂಡು ಹಾಗೆಯೇ ತೇಲಿ ಬರುತ್ತದೆ, ಕಿಟ್ಟದ ಜೊತೆ ಸೌಟಿನಲ್ಲಿ ತೆಗೆಯಬಹುದು. ಆಮೇಲೆ ಮೇಣವನ್ನೋ ಮರದ ಹೊಟ್ಟನ್ನೋ ಹಾಕಿ ಕಲಕಿ ತಿಳಿಯಾದ ಲೋಹವನ್ನು ಗಟ್ಟಿಗಳಾಗಿ ಹೊಯ್ದಿಡುತ್ತಾರೆ.

ಕರಗಿದ ಸೀಸದೊಳಗೆ ಒಂದು ಹನಿ ನೀರು ಸಿಕ್ಕಿಬಿದ್ದರೂ ಅದು ಕ್ಷಣದಲ್ಲಿ ಆವಿಯಾಗಿ ಹಂಡೆಯ ಲೋಹವನ್ನು ಛಾವಣಿಗೆ ಎರಚುತ್ತದೆ. ಮುಖ, ಕಣ್ಣು, ಕೈ ಸುಟ್ಟುಕೊಂಡವರಿದ್ದಾರೆ. ಇನ್ನು ಕಾರಿನ ಬ್ಯಾಟರಿಯನ್ನು ಮುಟ್ಟಲೇಬಾರದೆನ್ನುವುದು ಈ ಹವ್ಯಾಸಿಗಳ ನಡುವಿನ ಕಟ್ಟುನಿಟ್ಟಿನ ಮಾತು. ಅದರ ಫಲಕಗಳಲ್ಲಿರುವ ಕ್ಯಾಲ್ಸಿಯಂ, ಆರ್ಸೆನಿಕ್, ಆಂಟಿಮನಿಗಳ ಕಿಟ್ಟಕ್ಕೆ ತೇವ ತಗುಲಿದರೆ ಆರ್ಸೀನ್, ಸ್ಟಿಬೀನ್ ಎಂಬ ಪ್ರಾಣಾಂತಕ ಅನಿಲಗಳು ಹುಟ್ಟಬಹುದು.

ಚಕ್ರದ ಸೀಸವನ್ನು ಆಯ್ದವರಲ್ಲಿ ಇನ್ನೊಂದು ಬಗೆಯವನೂ ಇದ್ದ. ನ್ಯೂಮೆಕ್ಸಿಕೋದ ಆಲ್ಬುಕರ್ಕಿ ನಗರದ ರಸ್ತೆಬದಿಯಲ್ಲಿ ರಾಬರ್ಟ್ ರೂಟ್ ಎಂಬ ಸಂಶೋಧಕ ಕಾರುಗಳಿಂದ ಕಳಚಿ ಬಿದ್ದ ತುಂಡುಗಳನ್ನು ಹೆಕ್ಕಿ ತೂಗಿದ. ಬಿದ್ದವು ಚಕ್ರಗಳಡಿ ಅರೆದು ಧೂಳಾಗುತ್ತವೆ, ಆ ಧೂಳು ಮನೆಗಳನ್ನು ಸೇರುತ್ತದೆ ಎಂದು 2000ದಲ್ಲಿ ಪ್ರಕಟಿಸಿದ. ಯುರೋಪಿನ ಒಕ್ಕೂಟ 2005ರ ಜುಲೈನಿಂದ ಹೊಸ ವಾಹನಗಳಲ್ಲಿ ಸೀಸದ ತೂಕ ನಿಷೇಧಿಸಿತು. ಅಮೆರಿಕದಲ್ಲಿ ಇಡೀ ದೇಶಕ್ಕೆ ಅನ್ವಯವಾಗುವ ನಿಷೇಧ ಬರಲಿಲ್ಲ. ಕ್ಯಾಲಿಫೋರ್ನಿಯಾ, ವಾಷಿಂಗ್ಟನ್, ಮೇನ್, ವರ್ಮಾಂಟ್ ಮುಂತಾದ ರಾಜ್ಯಗಳು ಒಂದೊಂದಾಗಿ ಕಾನೂನು ಮಾಡಿದವು. ತಯಾರಕರು ಕಬ್ಬಿಣಕ್ಕೂ ಸತುವಿಗೂ ಹೊರಳಿದರು. ಬಕೆಟ್ಟಿನಲ್ಲಿ ಸೀಸದ ಪಾಲು ವರ್ಷದಿಂದ ವರ್ಷಕ್ಕೆ ಇಳಿಯಿತು.

ಇದರ ಜೊತೆಗೇ ತೋಟೆಯ ಅಭಾವವೂ ಬಂತು. ಬಂದೂಕು ಕಾನೂನು ಬಿಗಿಯಾಗಬಹುದೆಂಬ ಭಯದಿಂದ 2008ರ ಚುನಾವಣೆಯ ನಂತರವೂ 2012ರ ಸ್ಯಾಂಡಿ ಹುಕ್ ಶಾಲೆಯ ಹತ್ಯಾಕಾಂಡದ ನಂತರವೂ ಜನ ಅಂಗಡಿಗಳ ಕಪಾಟು ಖಾಲಿ ಮಾಡಿದರು. ಸಾಂಕ್ರಾಮಿಕದ 2020ರಲ್ಲಿ ಮತ್ತೆ ಅದೇ ಆಯಿತು. ತಾವೇ ಎರೆದುಕೊಳ್ಳೋಣವೆಂದು ಹೊರಟ ಹೊಸಬರು ಕಡಿಮೆಯಾಗುತ್ತಿದ್ದ ಸೀಸಕ್ಕೆ ಪೈಪೋಟಿ ಹೆಚ್ಚಿಸಿದರು. ಇದರ ನಡುವೆ 2013ರ ಕೊನೆಯಲ್ಲಿ ಮಿಸೌರಿಯ ಹರ್ಕ್ಯುಲೇನಿಯಂ ಊರಿನ ಸೀಸದ ಕುಲುಮೆ ಮುಚ್ಚಿತು. 1892ರಿಂದ ಉರಿಯುತ್ತಿದ್ದ ಅದು ಅದಿರಿನಿಂದ ಸೀಸ ತೆಗೆಯುತ್ತಿದ್ದ ದೇಶದ ಕೊನೆಯ ದೊಡ್ಡ ಕುಲುಮೆ. ಗುಂಡುಗಳನ್ನೇ ಇಲ್ಲವಾಗಿಸುವ ಸರ್ಕಾರದ ಸಂಚು ಇದೆಂದು ಗಾಳಿಸುದ್ದಿ ಹಬ್ಬಿತು. ಅದು ಸುಳ್ಳು. 2008ರಲ್ಲಿ ಗಾಳಿಯಲ್ಲಿರಬಹುದಾದ ಸೀಸದ ಮಿತಿಯನ್ನು ಹತ್ತನೇ ಒಂದು ಭಾಗಕ್ಕೆ ಇಳಿಸಲಾಗಿತ್ತು. ಆ ಮಿತಿಗೆ ಹಳೆಯ ಕುಲುಮೆ ಒಗ್ಗುವಂತಿರಲಿಲ್ಲ. ಆ ಊರಿನ ಮಕ್ಕಳ ರಕ್ತದಲ್ಲಿ ಸೀಸ ಸಿಕ್ಕಿತ್ತು ಎಂಬುದನ್ನು ಮರೆತು ಸಂಚಿನ ಮಾತಾಡುವುದು ನನ್ನ ಮಟ್ಟಿಗೆ ಕ್ರೌರ್ಯವೇ. ಅಲ್ಲದೆ ಅಮೆರಿಕದಲ್ಲಿ ಬಳಕೆಯಾಗುವ ಸೀಸದ ದೊಡ್ಡ ಪಾಲು ಬರುವುದು ಹಳೆಯ ಬ್ಯಾಟರಿಗಳ ಮರುಬಳಕೆಯ ಕಾರ್ಖಾನೆಗಳಿಂದ.

ಬೇಟೆಗೆ ಬಳಸುವ ಸೀಸದ ಗುಂಡಿಗೂ ನಿರ್ಬಂಧ ಬಂತು, ಅದಕ್ಕೆ ಕಾರಣ ಒಂದು ರಣಹದ್ದು. ಬೇಟೆಗಾರರು ಬಿಟ್ಟುಹೋದ ಪ್ರಾಣಿಗಳ ಕರುಳಿನಲ್ಲಿ ಸೀಸದ ಚೂರು ಉಳಿಯುತ್ತದೆ. ಅದನ್ನು ತಿಂದ ಕ್ಯಾಲಿಫೋರ್ನಿಯಾ ಕಾಂಡೋರ್ ಸಾಯುತ್ತದೆ. 1982ರಲ್ಲಿ ಜಗತ್ತಿನಲ್ಲಿ ಉಳಿದಿದ್ದ ಕಾಂಡೋರ್‌ಗಳು 22. ಸೆರೆಯಲ್ಲಿ ಮರಿ ಮಾಡಿಸಿ ಮತ್ತೆ ಕಾಡಿಗೆ ಬಿಟ್ಟವೂ ಸೀಸಕ್ಕೆ ಬಲಿಯಾಗುತ್ತಿದ್ದವು. ಕ್ಯಾಲಿಫೋರ್ನಿಯಾ 2013ರಲ್ಲಿ ಕಾನೂನು ಮಾಡಿ 2019ರ ಜುಲೈ 1ರಿಂದ ರಾಜ್ಯದಾದ್ಯಂತ ಬೇಟೆಗೆ ಸೀಸದ ಗುಂಡನ್ನು ನಿಷೇಧಿಸಿತು. ಗುರಿ ಅಭ್ಯಾಸಕ್ಕೆ ಈ ನಿಷೇಧವಿಲ್ಲ, ಆದ್ದರಿಂದ ಎರಕ ನಿಂತಿಲ್ಲ.

ಎರೆಯುವವನ ರಕ್ತದ ಮಾತನ್ನೂ ಹೇಳಬೇಕು. ಸೀಸ ಕುದಿಯುವುದು 1,700 ಡಿಗ್ರಿಗೂ ಮೇಲೆ. ಆದ್ದರಿಂದ ಎರಕದ ಹದವಾದ 350–400 ಡಿಗ್ರಿಯಲ್ಲಿ ಏಳುವ ಆವಿ ಅತ್ಯಲ್ಪ. ಅಪಾಯವಿರುವುದು ಕಿಟ್ಟದ ಬೂದಿಯಲ್ಲಿ, ನೆಲದ ಧೂಳಿನಲ್ಲಿ, ತೊಳೆಯದ ಕೈಯಲ್ಲಿ, ಗ್ಯಾರೇಜಿನಿಂದ ಮನೆಯೊಳಕ್ಕೆ ಬರುವ ಬೂಟಿನಲ್ಲಿ. ಆ ಮನೆಯಲ್ಲಿ ನೆಲದ ಮೇಲೆ ಅಂಬೆಗಾಲಿಡುವ ಮಗುವಿದ್ದರೆ ಅಪ್ಪನ ಹವ್ಯಾಸದ ಬೆಲೆಯನ್ನು ಆ ಮಗು ತೆರುತ್ತದೆ. ಇದನ್ನು ನಮ್ಮಲ್ಲಿ ಗಟ್ಟಿ ದನಿಯಲ್ಲಿ ಹೇಳಿದವರು ಬೆಂಗಳೂರಿನ ಜೀವರಸಾಯನ ವಿಜ್ಞಾನಿ ಡಾ. ತುಪ್ಪಿಲ್ ವೆಂಕಟೇಶ್. ಪೆಟ್ರೋಲಿನಿಂದ, ಬಣ್ಣದಿಂದ, ಹಿತ್ತಿಲಲ್ಲಿ ಬ್ಯಾಟರಿ ಕರಗಿಸುವವರಿಂದ ಮಕ್ಕಳ ರಕ್ತಕ್ಕೆ ಸೇರುವ ಸೀಸದ ಬಗ್ಗೆ ಅವರು ಎಚ್ಚರಿಸಿದರು. ಜಾಗ ಬೇರೆಯಾದರೂ ಕರಗಿದ ಸೀಸದ ಧೂಳು ಒಂದೇ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2021ರಲ್ಲಿ ಮಕ್ಕಳ ರಕ್ತದ ಎಚ್ಚರಿಕೆಯ ಮಟ್ಟವನ್ನು ಡೆಸಿಲೀಟರಿಗೆ 5ರಿಂದ 3.5 ಮೈಕ್ರೋಗ್ರಾಂಗೆ ಇಳಿಸಿದೆ. ತಿಳಿವಳಿಕೆಯುಳ್ಳ ಹವ್ಯಾಸಿಗಳು ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸುತ್ತಾರೆ, ಎರಕದ ಬಟ್ಟೆಯನ್ನು ಬೇರೆಯಾಗಿ ಒಗೆಯುತ್ತಾರೆ.

ಟೈರ್ ಅಂಗಡಿಯ ದಾರಿ ಮುಚ್ಚುತ್ತ ಬಂದಂತೆ ಹುಡುಕಾಟ ಬೇರೆಡೆಗೆ ತಿರುಗಿದೆ. ಒಡೆದ ಕಟ್ಟಡದ ಛಾವಣಿಯ ಸೀಸದ ಹಾಳೆ, ಹಳೆಯ ಆಸ್ಪತ್ರೆಯ ಎಕ್ಸ್‌ರೇ ಕೋಣೆಯ ಗೋಡೆಯೊಳಗಿನ ಹೊದಿಕೆ, ವಿಕಿರಣಶೀಲ ಔಷಧಿಗಳು ಬರುವ ದಪ್ಪ ಸೀಸದ ಡಬ್ಬಿಗಳು, ಹಾಯಿದೋಣಿಯ ಅಡಿಯ ತೂಕ. ಇವೂ ಸಿಗದವನು ಗುರಿ ಅಭ್ಯಾಸದ ಮೈದಾನದ ಒಡೆಯನ ಅನುಮತಿ ಪಡೆದು, ಗುರಿಹಲಗೆಯ ಹಿಂದಿನ ಮಣ್ಣಿನ ದಿಬ್ಬವನ್ನು ಅಗೆದು ಜರಡಿ ಹಿಡಿಯುತ್ತಾನೆ. ಮಣ್ಣು ಉದುರಿದ ಮೇಲೆ ಜರಡಿಯಲ್ಲಿ ಉಳಿಯುವುದು ಚಪ್ಪಟೆಯಾದ ಹಳೆಯ ಗುಂಡುಗಳು. ಅವುಗಳಲ್ಲಿ ಕೆಲವು ಅವನೇ ಹಿಂದೆ ಎರೆದು ಹಾರಿಸಿದವು. ಅವನ್ನು ಬಿಸಿಲಿಗೆ ಹರಡುತ್ತಾನೆ, ಒಂದು ಹನಿ ತೇವವೂ ಉಳಿಯದ ಹಾಗೆ ಒಣಗಲಿ ಎಂದು.