ಕಾರ್ಮಿಕ ಕಾನೂನಿನ ನೋಟಿಸ್ ಬೋರ್ಡ್: ಯಾವ ಹಾಳೆ ಯಾವಾಗ ಹಳತಾಗುತ್ತದೆ

ಕಾರ್ಮಿಕ ಕಾನೂನಿನಂತೆ ಸಂಸ್ಥೆಯ ಗೋಡೆಯ ಮೇಲೆ ಇರಬೇಕಾದ ನೋಟಿಸ್ ಬೋರ್ಡಿನ ಪಾಠವನ್ನು ನಾವು ಸಾಮಾನ್ಯವಾಗಿ ಪಟ್ಟಿಯ ಹಾಗೆ ಬಾಯಿಪಾಠ ಮಾಡುತ್ತೇವೆ: ಈ ಕಾಯ್ದೆಗೆ ಈ ನಮೂನೆ, ಆ ಕಾಯ್ದೆಗೆ ಆ ಸಾರಾಂಶ. ಪರೀಕ್ಷೆಗೆ ಅಷ್ಟು ಸಾಕು, ಕೆಲಸಕ್ಕೆ ಸಾಲದು. ಹಾಳೆ ಇಲ್ಲದಿದ್ದರೆ ಅದು ಯಾರ ಕಣ್ಣಿಗಾದರೂ ಬೀಳುತ್ತದೆ. ಹಾಳೆ ಇದ್ದೂ ಅದರಲ್ಲಿನ ಹೆಸರು, ದರ, ಸೆಕ್ಷನ್ ಹಳತಾಗಿದ್ದರೆ ದಿನಾ ಅದರ ಮುಂದೆ ಓಡಾಡುವವರಿಗೂ ಗೊತ್ತಾಗುವುದಿಲ್ಲ. ಹಾಗಾಗಿ ಇಲ್ಲಿ ಕಾಯ್ದೆವಾರು ಪಟ್ಟಿ ಮಾಡದೆ, ಯಾವ ಸಾಲು ಯಾವ ಕಾರಣಕ್ಕೆ ಕೆಡುತ್ತದೆ ಎಂಬುದನ್ನೇ ಹಿಡಿದು ಹೋಗೋಣ. ಉದಾಹರಣೆಗಳು ಕರ್ನಾಟಕದ ಖಾಸಗಿ ಅಂಗಡಿ, ಕಚೇರಿ, ಕಾರ್ಖಾನೆಗಳವು. ಬ್ಯಾಂಕು, ರೈಲ್ವೆ, ಗಣಿ ಮುಂತಾದವಕ್ಕೆ ಕೇಂದ್ರ ಸರ್ಕಾರವೇ ಸಂಬಂಧಪಟ್ಟ ಸರ್ಕಾರ. ಅಲ್ಲಿ ದರವೂ ನಿಯಮವೂ ಬೇರೆ.

ಮೊದಲು ನೆಲ ಯಾವುದು ಎಂದು ತಿಳಿದುಕೊಳ್ಳಿ

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಯಲ್ಲಿವೆ: 2019ರ ವೇತನ ಸಂಹಿತೆ ಮತ್ತು 2020ರ ಮೂರು, ಅಂದರೆ ಕೈಗಾರಿಕಾ ಸಂಬಂಧಗಳ ಸಂಹಿತೆ, ಸಾಮಾಜಿಕ ಭದ್ರತಾ ಸಂಹಿತೆ, ಔದ್ಯೋಗಿಕ ಸುರಕ್ಷತಾ ಸಂಹಿತೆ. ಒಟ್ಟು 29 ಕೇಂದ್ರ ಕಾನೂನುಗಳು ಇವುಗಳಲ್ಲಿ ಸೇರಿಹೋಗಿವೆ. ವರ್ಷಗಟ್ಟಲೆ ಗೋಡೆಯ ಮೇಲಿದ್ದ ವೇತನ ಪಾವತಿ ಕಾಯ್ದೆ 1936, ಕನಿಷ್ಠ ವೇತನ ಕಾಯ್ದೆ 1948, ಹೆರಿಗೆ ಸೌಲಭ್ಯ ಕಾಯ್ದೆ 1961, ಉಪದಾನ (ಗ್ರಾಚುಟಿ) ಕಾಯ್ದೆ 1972, ಸಮಾನ ವೇತನ ಕಾಯ್ದೆ 1976 ಎಲ್ಲವೂ ಆ 29ರೊಳಗೇ ಇವೆ.

ಹಾಗೆಂದು ಬೋರ್ಡನ್ನು ಒಮ್ಮೆಗೇ ಬೋಳಿಸಿಬಿಡಬಾರದು. ಹಳೆಯ ಕಾಯ್ದೆಯಡಿ ಹೊರಟ ನಿಯಮ ಮತ್ತು ಅಧಿಸೂಚನೆಗಳು, ಸಂಹಿತೆಗೆ ವಿರುದ್ಧವಾಗಿರದಷ್ಟರ ಮಟ್ಟಿಗೆ, ಹೊಸವು ಬರುವವರೆಗೆ ನಡೆಯುತ್ತವೆ. ಇಲ್ಲಿ ಎರಡು ಬಗೆಯ ಹಾಳೆಗಳನ್ನು ಬೇರೆ ಮಾಡಿಕೊಳ್ಳಿ. ಕಾಯ್ದೆಯ ಸಾರಾಂಶದ ಹಾಳೆಗೆ ಬದಲಾಗಿ ಸಂಹಿತೆಯ ಸಾರಾಂಶ ಬರಬೇಕು. ದರದ ಅಧಿಸೂಚನೆಯನ್ನು ಮಾತ್ರ, ಅದರ ಜಾಗಕ್ಕೆ ಇನ್ನೊಂದು ಅಧಿಸೂಚನೆ ಬರುವ ತನಕ ತೆಗೆಯಬೇಡಿ.

ಸಂಹಿತೆಗಳು ಮುಟ್ಟದೆ ಬಿಟ್ಟ ಕಾನೂನುಗಳೂ ಇವೆ, ಪರೀಕ್ಷೆಯಲ್ಲೂ ಕೆಲಸದಲ್ಲೂ ಎಡವುವುದು ಇಲ್ಲೇ. ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961, ಕರ್ನಾಟಕ ಕೈಗಾರಿಕಾ ಸಂಸ್ಥೆಗಳ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆ 1963, ಬಾಲಕಾರ್ಮಿಕ ಕಾಯ್ದೆ 1986, ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆ ಕಾಯ್ದೆ 2013, ಇವು ಮೊದಲಿನಂತೆಯೇ ಇವೆ. 'ಎಲ್ಲಾ ಕೋಡ್‌ಗೆ ಹೋಯ್ತು' ಎಂದುಕೊಂಡು ಇವುಗಳ ಹಾಳೆಯನ್ನೂ ಕಿತ್ತರೆ, ಇದ್ದದ್ದನ್ನು ಕೈಯಾರೆ ಕಳೆದುಕೊಂಡಂತೆ.

ವೇತನದ ಹಾಳೆ, ಸಾಲು ಸಾಲಾಗಿ

ವೇತನ ಸಂಹಿತೆಯ ಸೆಕ್ಷನ್ 50ರಂತೆ ಎದ್ದು ಕಾಣುವ ಜಾಗದ ನೋಟಿಸ್ ಬೋರ್ಡಿನಲ್ಲಿ ಐದು ಸಂಗತಿ ಇರಬೇಕು: ಸಂಹಿತೆಯ ಸಾರಾಂಶ, ವರ್ಗವಾರು ವೇತನ ದರ, ವೇತನದ ಅವಧಿ, ಪಾವತಿಯ ದಿನ ಅಥವಾ ದಿನಾಂಕ ಮತ್ತು ಸಮಯ, ಆ ಪ್ರದೇಶದ ಇನ್‌ಸ್ಪೆಕ್ಟರ್-ಕಮ್-ಫೆಸಿಲಿಟೇಟರ್ (ತಪಾಸಣೆ ಮಾಡುವ ಅಧಿಕಾರಿ) ಅವರ ಹೆಸರು ಮತ್ತು ವಿಳಾಸ. ಕೃಷಿ ಅಥವಾ ಮನೆಗೆಲಸಕ್ಕೆ ಐದಕ್ಕಿಂತ ಹೆಚ್ಚು ಜನರನ್ನು ಇಟ್ಟುಕೊಳ್ಳದವರಿಗೆ ಇದರಿಂದ ವಿನಾಯಿತಿ.

ಈ ಐದರ ಆಯಸ್ಸು ಒಂದೇ ಅಲ್ಲ. ಸಾರಾಂಶ ವರ್ಷಗಟ್ಟಲೆ ನಡೆಯುತ್ತದೆ. ದರ ವರ್ಷಕ್ಕೊಮ್ಮೆಯಾದರೂ ಬದಲಾಗುತ್ತದೆ. ಅಧಿಕಾರಿಯ ಹೆಸರು ವರ್ಗಾವಣೆಯ ದಿನವೇ ಹಳತು. ಇವೆಲ್ಲವನ್ನೂ ಒಂದೇ ಹಾಳೆಯಲ್ಲಿ ಅಚ್ಚು ಹಾಕಿಸಿ ಲ್ಯಾಮಿನೇಷನ್ ಮಾಡಿಸಿದರೆ ಆಗುವುದು ಇಷ್ಟು: ಒಂದು ಸಾಲು ಕೆಟ್ಟಾಗ ಇಡೀ ಹಾಳೆ ಬದಲಿಸಲು ಮನಸ್ಸಾಗುವುದಿಲ್ಲ, ಪೆನ್ನಿನಲ್ಲಿ ತಿದ್ದೋಣವೆಂದರೆ ಲ್ಯಾಮಿನೇಷನ್ ಮೇಲೆ ಶಾಯಿ ಹಿಡಿಯುವುದಿಲ್ಲ, ಕೊನೆಗೆ ಹಾಗೇ ಬಿಡುತ್ತಾರೆ. ಸಾರಾಂಶಕ್ಕೆ ಲ್ಯಾಮಿನೇಷನ್ ಇರಲಿ. ದರದ ಹಾಳೆಯನ್ನೂ ಅಧಿಕಾರಿಯ ವಿಳಾಸದ ಹಾಳೆಯನ್ನೂ ಬೇರೆ ಬೇರೆ ಮಾಡಿ, ಮೇಲಿನಿಂದ ಜಾರಿಸಿ ಹಾಕುವ ಪ್ಲಾಸ್ಟಿಕ್ ಲಕೋಟೆಯಲ್ಲಿಡಿ.

ದರದ ಹಾಳೆಗೆ ನಾಲ್ಕು ಕಾಲಂ ಸಾಕು: ವರ್ಗ (ಅತಿ ಕುಶಲ, ಕುಶಲ, ಅರೆ ಕುಶಲ, ಅಕುಶಲ ಇತ್ಯಾದಿ), ಮೂಲ ವೇತನ, ತುಟ್ಟಿಭತ್ಯೆ, ಒಟ್ಟು. ಸಂಸ್ಥೆ ಕೊಡುವುದು ಕನಿಷ್ಠಕ್ಕಿಂತ ಹೆಚ್ಚಿದ್ದರೆ ಅದಕ್ಕೊಂದು ಐದನೆಯ ಕಾಲಂ. ಸಂಹಿತೆ ಕೇಳುವುದು ನೌಕರರ ವರ್ಗವಾರು ದರವನ್ನು. ಸರ್ಕಾರದ ಅಧಿಸೂಚನೆಯ ಜೆರಾಕ್ಸ್ ಅಂಟಿಸಿ ಕೈತೊಳೆದುಕೊಂಡರೆ, ತನ್ನ ಸಾಲು ಯಾವುದೆಂದು ಕಾರ್ಮಿಕನಿಗೆ ತಿಳಿಯುವುದೇ ಇಲ್ಲ. ಅಧಿಸೂಚನೆಯಲ್ಲಿ ಹಲವು ಹುದ್ದೆ, ಹಲವು ವಲಯ ಇರುತ್ತವೆ. ನಿಮ್ಮ ಸಂಸ್ಥೆ ಯಾವ ಅನುಸೂಚಿತ ಉದ್ಯೋಗಕ್ಕೆ (ಕನಿಷ್ಠ ವೇತನದ ಪಟ್ಟಿಯಲ್ಲಿರುವ ಉದ್ಯೋಗ), ಯಾವ ವಲಯಕ್ಕೆ ಸೇರುತ್ತದೆ ಎಂಬುದನ್ನು ಹಾಳೆಯ ತಲೆಯಲ್ಲೇ ಬರೆಯಿರಿ. ವಲಯ ತಪ್ಪಾದರೆ ಕೆಳಗಿನ ಅಂಕಿಯೆಲ್ಲ ತಪ್ಪು. ಮುಖ್ಯ ಕಚೇರಿಯಲ್ಲಿ ತಯಾರಾದ ಹಾಳೆಯನ್ನು ತಾಲ್ಲೂಕು ಕೇಂದ್ರದ ಶಾಖೆಗೂ ಹಾಗೇ ಕಳಿಸುವುದು ಇದಕ್ಕೆ ಮಾಮೂಲಿ ಕಾರಣ.

ಕರ್ನಾಟಕದಲ್ಲಿ ತುಟ್ಟಿಭತ್ಯೆ ಏಪ್ರಿಲ್ 1ಕ್ಕೆ ಬದಲಾಗುತ್ತದೆ, ಹಿಂದಿನ ವರ್ಷದ ಗ್ರಾಹಕ ಬೆಲೆ ಸೂಚ್ಯಂಕದ ಸರಾಸರಿ ಹಿಡಿದು. ನಿಮಗೆ ಆದೇಶದ ಪ್ರತಿ ಸಿಕ್ಕ ದಿನ ಯಾವುದೇ ಇರಲಿ, ಲೆಕ್ಕ ಶುರುವಾಗುವುದು ಅದರಲ್ಲಿ ಹೇಳಿದ ದಿನಾಂಕದಿಂದ. ಹಾಗಾಗಿ ಹಾಳೆಯ ಮೇಲೆ ಎರಡು ದಿನಾಂಕ ಬೇಕು: 'ಜಾರಿಯಾದ ದಿನಾಂಕ' ಮತ್ತು 'ಪ್ರದರ್ಶಿಸಿದ ದಿನಾಂಕ'. ಇವೆರಡರ ನಡುವೆ ಅಂತರವಿದ್ದರೆ ಆ ದಿನಗಳ ಬಾಕಿ ಕೊಡಬೇಕೆಂಬ ನೆನಪು ಹಾಳೆಯಲ್ಲೇ ಉಳಿಯುತ್ತದೆ.

ಪಾವತಿಯ ಸಾಲಿನಲ್ಲಿ 'ಪ್ರತಿ ತಿಂಗಳ ಮೊದಲ ವಾರ' ಎಂದು ಬರೆಯಬೇಡಿ. ಕಾನೂನು ಕೇಳುವುದು ದಿನ ಮತ್ತು ಸಮಯ. ತಿಂಗಳ ಸಂಬಳವಾದರೆ ಮುಂದಿನ ತಿಂಗಳ 7ನೇ ದಿನ ಮುಗಿಯುವ ಮೊದಲು, ವಾರದ ಬಟವಾಡೆಯಾದರೆ ವಾರದ ಕೊನೆಯ ಕೆಲಸದ ದಿನ, ದಿನಗೂಲಿಯಾದರೆ ಪಾಳಿ ಮುಗಿದಾಗ. ಒಂದೇ ಆವರಣದಲ್ಲಿ ಕಾಯಂ ನೌಕರರಿಗೆ ತಿಂಗಳ ಸಂಬಳ, ಗುತ್ತಿಗೆಯವರಿಗೆ ವಾರದ ಬಟವಾಡೆ ಇದ್ದರೆ ಎರಡನ್ನೂ ಬರೆಯಬೇಕು. ಗುತ್ತಿಗೆದಾರರ ಹಾಳೆ ಗುತ್ತಿಗೆದಾರರದ್ದೇ ಹೊಣೆ ಎಂದು ಮುಖ್ಯ ಮಾಲೀಕರು (ಗುತ್ತಿಗೆ ಕೊಟ್ಟ ಸಂಸ್ಥೆಯವರು) ಸುಮ್ಮನಿರುವುದುಂಟು. ಆವರಣದ ಗೋಡೆಯ ಮೇಲೆ ಏನಿದೆ ಏನಿಲ್ಲ ಎಂಬ ಪ್ರಶ್ನೆ ಬರುವುದು ಮಾತ್ರ ಮುಖ್ಯ ಮಾಲೀಕರಿಗೇ.

ಈ ಸಂಹಿತೆಯ ಇಂಥ ವಿಧಿಗಳನ್ನು ಮೀರಿದರೆ 20,000 ರೂಪಾಯಿವರೆಗೆ ದಂಡ. ಐದು ವರ್ಷದೊಳಗೆ ಅದೇ ಬಗೆಯ ತಪ್ಪಿಗೆ ಮತ್ತೆ ಶಿಕ್ಷೆಯಾದರೆ ಒಂದು ತಿಂಗಳವರೆಗೆ ಜೈಲು ಅಥವಾ 40,000ವರೆಗೆ ದಂಡ, ಇಲ್ಲವೇ ಎರಡೂ. ಮೊದಲ ಸಲಕ್ಕೆ, ಮೊಕದ್ದಮೆ ಹೂಡುವ ಮೊದಲು ತಿದ್ದಿಕೊಳ್ಳಲು ಲಿಖಿತ ಅವಕಾಶ ಕೊಡಬೇಕೆಂದೂ ಅಲ್ಲೇ ಇದೆ.

ಆಂತರಿಕ ಸಮಿತಿಯ ಹಾಳೆ

ಹತ್ತು ಅಥವಾ ಹೆಚ್ಚು ನೌಕರರಿರುವಲ್ಲಿ, ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇರಬೇಕು. 2013ರ ಕಾಯ್ದೆಯ ಸೆಕ್ಷನ್ 19ರಂತೆ ಎರಡನ್ನು ಪ್ರದರ್ಶಿಸಬೇಕು: ಕಿರುಕುಳಕ್ಕೆ ಆಗುವ ಶಿಕ್ಷೆಯ ವಿವರ ಮತ್ತು ಸಮಿತಿ ರಚಿಸಿದ ಆದೇಶ. 'ನಮ್ಮಲ್ಲಿ ಕಿರುಕುಳಕ್ಕೆ ಜಾಗವಿಲ್ಲ' ಎಂಬ ಬಣ್ಣದ ಪೋಸ್ಟರ್ ಈ ಎರಡರಲ್ಲಿ ಒಂದೂ ಅಲ್ಲ.

ಬೋರ್ಡಿನಲ್ಲಿ ಸದ್ದಿಲ್ಲದೆ ಕೆಡುವ ಹಾಳೆ ಇದೇ. ಅಧ್ಯಕ್ಷೆ ಹಿರಿಯ ಮಹಿಳಾ ನೌಕರಳಾಗಿರಬೇಕು, ನೌಕರರ ಪೈಕಿ ಕನಿಷ್ಠ ಇಬ್ಬರು ಸದಸ್ಯರು, ಹೊರಗಿನ ಒಬ್ಬರು, ಒಟ್ಟಿನಲ್ಲಿ ಅರ್ಧದಷ್ಟಾದರೂ ಮಹಿಳೆಯರು, ಅವಧಿ ಮೂರು ವರ್ಷ ಮೀರುವಂತಿಲ್ಲ. ಒಬ್ಬ ಸದಸ್ಯೆ ಕೆಲಸ ಬಿಟ್ಟರೆ ಹಾಳೆ ನೋಡುವುದಕ್ಕೆ ಮೊದಲಿನಂತೆಯೇ ಇರುತ್ತದೆ. ಆದರೆ ದೂರು ಕೊಡಲು ಹೋದವಳು ಕರೆ ಮಾಡುವುದು ಸಂಸ್ಥೆಯಲ್ಲೇ ಇಲ್ಲದವರಿಗೆ. ದೂರಿಗೆ ಘಟನೆಯಿಂದ ಮೂರು ತಿಂಗಳ ಗಡುವಿದೆ, ಸಮಿತಿ ಕಾರಣ ಬರೆದು ಇನ್ನು ಮೂರು ತಿಂಗಳು ಹೆಚ್ಚಿಸಬಹುದು ಅಷ್ಟೆ. ತಪ್ಪು ಫೋನ್ ನಂಬರಿನಿಂದ ಕಳೆದುಹೋಗುವುದು ಆ ಗಡುವಿನ ದಿನಗಳು.

ಆದೇಶದ ದಿನಾಂಕಕ್ಕೆ ಮೂರು ವರ್ಷ ಕೂಡಿಸಿ, 'ಈ ಸಮಿತಿಯ ಅವಧಿ ಇಂಥ ದಿನ ಮುಗಿಯುತ್ತದೆ' ಎಂದು ಹಾಳೆಯ ಕೆಳಗೇ ಬರೆಯಿರಿ. ಕಾನೂನು ಈ ಸಾಲನ್ನು ಕೇಳುವುದಿಲ್ಲ, ಆದರೂ ಇದರಷ್ಟು ಉಪಯೋಗದ ಸಾಲು ಇನ್ನೊಂದಿಲ್ಲ. ರಾಜೀನಾಮೆ ಅಂಗೀಕರಿಸುವ ಚೆಕ್‌ಲಿಸ್ಟಿನಲ್ಲಿ 'ಇವರು ಆಂತರಿಕ ಸಮಿತಿಯಲ್ಲಿದ್ದಾರೆಯೇ?' ಎಂಬ ಒಂದು ಪ್ರಶ್ನೆಯನ್ನೂ ಸೇರಿಸಿ. ಬೇರೆ ಬೇರೆ ಕಡೆ ಶಾಖೆಗಳಿದ್ದರೆ ಪ್ರತಿ ಶಾಖೆಗೂ ಅದರದ್ದೇ ಸಮಿತಿ, ಅದರದ್ದೇ ಹಾಳೆ.

ಶಿಕ್ಷೆಯ ವಿವರದ ಹಾಳೆಯಲ್ಲಿ ನೋಡಬೇಕಾದ್ದು ಸೆಕ್ಷನ್ ಸಂಖ್ಯೆ. 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ (ಐಪಿಸಿ) ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಲೈಂಗಿಕ ಕಿರುಕುಳದ ಅಪರಾಧ ಹಿಂದೆ 354ಎ, ಈಗ 75. ಬೋರ್ಡಿನಲ್ಲಿ ಇನ್ನೂ 'ಐಪಿಸಿ 354ಎ' ಇದ್ದರೆ, 2024ರ ಜೂನ್ ನಂತರ ಆ ಹಾಳೆಯನ್ನು ಯಾರೂ ಓದಿಲ್ಲ ಎಂದು ಅದೇ ಹೇಳಿಬಿಡುತ್ತದೆ. ಸಮಿತಿ ರಚಿಸದಿದ್ದರೆ ಅಥವಾ ಕಾಯ್ದೆಯ ಬೇರೆ ವಿಧಿಗಳನ್ನು ಮೀರಿದರೆ 50,000 ರೂಪಾಯಿವರೆಗೆ ದಂಡ.

ರಜೆ, ಸಮಯ, ಮತ್ತು ಉಳಿದವು

1963ರ ರಜೆಗಳ ಕಾಯ್ದೆಯಲ್ಲಿ ಐದು ದಿನ ಖಚಿತ: ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1. ಅದರ ಮೇಲೆ ಇನ್ನೈದು ಹಬ್ಬದ ರಜೆ. ಯುಗಾದಿ, ಗೌರಿ-ಗಣೇಶ, ರಂಜಾನ್ ದಿನಾಂಕ ಪ್ರತಿ ವರ್ಷ ಸರಿಯುವುದರಿಂದ ಕಳೆದ ವರ್ಷದ ಹಾಳೆಯಲ್ಲಿ ಇಸವಿ ಮಾತ್ರ ತಿದ್ದಿ ಹಾಕಿದರೆ ತಪ್ಪು ಖಂಡಿತ. ಚುನಾವಣೆಯ ಮತದಾನದ ದಿನ ಮತದಾರ ನೌಕರರಿಗೆ ಸಂಬಳಸಹಿತ ರಜೆ ಇದೆ. ಅದು ಈ ಪಟ್ಟಿಯ ಹೊರಗಿನದು, ಆ ವರ್ಷಕ್ಕೆ ಪ್ರತ್ಯೇಕ ಸೂಚನೆ ಹಾಕಬೇಕು.

ಅಂಗಡಿ ಕಾಯ್ದೆಯಡಿ ನೋಂದಣಿ ಪ್ರಮಾಣಪತ್ರವೂ ವಾರದ ರಜೆಯ ಸೂಚನೆಯೂ ಗೋಡೆಯ ಮೇಲಿರಬೇಕು. ಪ್ರಮಾಣಪತ್ರದಲ್ಲಿ ವಿಳಾಸ, ನೌಕರರ ಸಂಖ್ಯೆ, ಅವಧಿ ಈ ಮೂರನ್ನೂ ಓದಿ. ಅಂಗಡಿ ಪಕ್ಕದ ಕಟ್ಟಡಕ್ಕೆ ಹೋದರೂ ಹಳೆಯ ಫ್ರೇಮನ್ನೇ ಹೊತ್ತೊಯ್ದು ತೂಗುಹಾಕುವುದು ಮಾಮೂಲಿ. ಹತ್ತು ಅಥವಾ ಹೆಚ್ಚು ಜನರಿರುವ ಸಂಸ್ಥೆ ರಾಜ್ಯದ ಅಧಿಸೂಚನೆಯ ಬಲದಲ್ಲಿ 24 ಗಂಟೆ ತೆರೆದಿದ್ದರೆ, ರಜೆಯಲ್ಲಿರುವ ನೌಕರರ ವಿವರವನ್ನು ದಿನಾ ಹಾಕಬೇಕೆಂಬುದು ಅದರ ಷರತ್ತುಗಳಲ್ಲೊಂದು. ಇದಕ್ಕೆ ಅಚ್ಚಿನ ಹಾಳೆ ಬೇಡ, ಬಿಳಿ ಬೋರ್ಡು ಮತ್ತು ಮಾರ್ಕರ್ ಸಾಕು. ಆ ಅಧಿಸೂಚನೆಗೇ ಒಂದು ಅವಧಿ ಇರುವುದನ್ನು ಮರೆಯಬೇಡಿ.

ಕಾರ್ಖಾನೆಯಲ್ಲಿ ಕೆಲಸದ ಅವಧಿಯ ಸೂಚನೆ ಇರುತ್ತದೆ: ಪಾಳಿ ಎಷ್ಟಕ್ಕೆ ಶುರು, ಬಿಡುವು ಯಾವಾಗ. ಇದು ಬರೀ ಮಾಹಿತಿಯ ಹಾಳೆಯಲ್ಲ, ಕೆಲಸ ಅದರಂತೆಯೇ ನಡೆಯಬೇಕು. ಬೋರ್ಡಿನಲ್ಲಿ 6ರಿಂದ 2 ಎಂದಿದ್ದು ಹಾಜರಿಯಲ್ಲಿ 7ರಿಂದ 3 ಇದ್ದರೆ, ಎರಡು ದಾಖಲೆಗಳೂ ಒಂದನ್ನೊಂದು ಸುಳ್ಳು ಮಾಡುತ್ತವೆ. ಪಾಳಿ, ರಜೆಯಂಥ ಸೇವಾ ಷರತ್ತನ್ನೇ ಬದಲಿಸುವುದಾದರೆ ಕೈಗಾರಿಕಾ ಸಂಬಂಧಗಳ ಸಂಹಿತೆಯ ಸೆಕ್ಷನ್ 40ರಂತೆ ಮೊದಲೇ ನೋಟಿಸ್ ಕೊಟ್ಟು 21 ದಿನ ಕಾಯಬೇಕು. ಹೊಸ ಹಾಳೆ ಅಂಟಿಸಿದ ಮಾತ್ರಕ್ಕೆ ಬದಲಾವಣೆ ಊರ್ಜಿತವಾಗದು.

ಹೆರಿಗೆ ಸೌಲಭ್ಯದ ಸಾರಾಂಶ ಮಹಿಳೆಯರು ಕೆಲಸ ಮಾಡುವ ಪ್ರತಿ ವಿಭಾಗದಲ್ಲೂ, ಸ್ಥಳೀಯ ಭಾಷೆಯಲ್ಲಿ ಇರಬೇಕು. ಮುಖ್ಯದ್ವಾರದಲ್ಲಿ ಒಂದೇ ಪ್ರತಿ ಹಾಕಿದರೆ ಸಾಲದು. ಬಾಲಕಾರ್ಮಿಕ ಕಾಯ್ದೆಯ ಸೆಕ್ಷನ್ 3ಎ ಮತ್ತು 14ರ ಸಾರಾಂಶ ಸ್ಥಳೀಯ ಭಾಷೆಯಲ್ಲೂ ಇಂಗ್ಲಿಷಿನಲ್ಲೂ ಬೇಕು. 2016ರ ತಿದ್ದುಪಡಿಗಿಂತ ಹಿಂದಿನ ಹಾಳೆಯಾದರೆ 3ಎ ಅದರಲ್ಲಿರುವುದಿಲ್ಲ. ಹಳತು ಹೊಸತು ಗುರುತಿಸಲು ಅದೊಂದೇ ಸಾಕು.

ಗೋಡೆ ಮತ್ತು ಪುಸ್ತಕ

ಬೋರ್ಡು ಹಾಜರಿ ಹಾಕುವ ಜಾಗದಲ್ಲೋ ಮುಖ್ಯದ್ವಾರದ ಬಳಿಯೋ ಇರಲಿ. ಮಾನವ ಸಂಪನ್ಮೂಲ ವಿಭಾಗದ ಕೋಣೆಯೊಳಗಿದ್ದರೆ, ಓದುವುದಕ್ಕೆ ಕಾರ್ಮಿಕ ಅನುಮತಿ ಕೇಳಿ ಒಳಬರಬೇಕಾಗುತ್ತದೆ. ಎ4 ಹಾಳೆಯಲ್ಲಿ ಸಾರಾಂಶ ತುರುಕಿದರೆ ಅಕ್ಷರ ಇರುವೆ ಸಾಲಾಗುತ್ತದೆ, ಎ3 ತೆಗೆದುಕೊಳ್ಳಿ. ಕಿಟಕಿಯ ಎದುರು ಗಾಜಿನ ಬೋರ್ಡು ಬೇಡ: ಇಂಕ್‌ಜೆಟ್ ಪ್ರಿಂಟ್ ಬಿಸಿಲಿಗೆ ಮಾಸುತ್ತದೆ, ಬೆಳಕು ಹೊಳೆದು ಓದಲೂ ಆಗುವುದಿಲ್ಲ. ಕೆಲಸಗಾರರಲ್ಲಿ ಹೆಚ್ಚಿನವರು ಒಡಿಶಾ, ಬಿಹಾರದವರಾದರೆ ಕನ್ನಡ, ಇಂಗ್ಲಿಷಿನ ಜೊತೆ ಅವರಿಗೆ ತಿಳಿಯುವ ಭಾಷೆಯಲ್ಲೂ ದರದ ಹಾಳೆ ಇರಲಿ. ಪೇಟೆಯಲ್ಲಿ ಸಿಗುವ 'ಆಲ್ ಇನ್ ಒನ್' ಚಾರ್ಟಿನಲ್ಲಿ ಹೆಸರು, ದರದ ಜಾಗ ಖಾಲಿಯೇ ಇರುತ್ತದೆ. ಹಾಗೇ ತೂಗುಹಾಕಿದರೆ ಅದು ಕ್ಯಾಲೆಂಡರಿನಷ್ಟೂ ಕೆಲಸಕ್ಕೆ ಬಾರದು.

ಪ್ರತಿ ಹಾಳೆಗೂ ಒಂದು ನಂಬರ್ ಕೊಟ್ಟು ಪುಸ್ತಕದಲ್ಲಿ ಬರೆಯಿರಿ: ಯಾವ ಕಾನೂನು, ಆಧಾರದ ಅಧಿಸೂಚನೆಯ ಸಂಖ್ಯೆ ಮತ್ತು ದಿನಾಂಕ, ಹಾಕಿದ ದಿನ, ಮುಂದಿನ ಪರಿಶೀಲನೆಯ ದಿನ, ತೆಗೆದ ದಿನ. ತಿಂಗಳ ಮೊದಲ ಕೆಲಸದ ದಿನ ಪುಸ್ತಕ ಹಿಡಿದು ಬೋರ್ಡಿನ ಮುಂದೆ ನಿಂತು ಹೆಸರು, ದರ, ದಿನಾಂಕ ಮಾತ್ರ ಓದಿ, ಒಂದು ಫೋಟೋ ತೆಗೆದಿಡಿ. ಶಾಖೆಗಳಿಂದ ಫೋಟೋ ತರಿಸುವುದಾದರೆ ಬೋರ್ಡಿನ ಪಕ್ಕ ಆ ದಿನದ ಪತ್ರಿಕೆ ಹಿಡಿದು ತೆಗೆಯಲು ಹೇಳಿ, ಇಲ್ಲದಿದ್ದರೆ ಕಳೆದ ತಿಂಗಳ ಫೋಟೋವೇ ಮತ್ತೆ ಬರುತ್ತದೆ. ಹೊಸ ಹಾಳೆಯನ್ನು ಹಳೆಯದರ ಮೇಲೆ ಅಂಟಿಸಬೇಡಿ, ಅಂಟು ಬಿಟ್ಟಾಗ ಹಿಂದಿನ ವರ್ಷದ ದರ ಹೊರಗೆ ಇಣುಕುತ್ತದೆ. ತೆಗೆದ ಹಾಳೆಯ ಮೂಲೆಯಲ್ಲಿ ತೆಗೆದ ದಿನ ಬರೆದು ಕಡತಕ್ಕೆ ಸೇರಿಸಿ. ವೇತನ ಸಂಹಿತೆಯಡಿ ನೌಕರ ಮೂರು ವರ್ಷದೊಳಗೆ ಬಾಕಿಯ ಹಕ್ಕು ಕೇಳಬಹುದು. ಆಗ ಬೋರ್ಡಿನಲ್ಲಿ ಯಾವ ದರ ಇತ್ತು ಎಂಬುದಕ್ಕೆ ಉತ್ತರ ಆ ಕಡತದಲ್ಲೇ ಇರಬೇಕು.